ಹಳದಿ ಕಾರಿನ ಎಡಗಡೆಯ ಸೀಟು

"ಆ ಕಾರಿಗೆ ಬ್ರೇಕ್ ಸಾಕಾಗುದಿಲ್ಲ ರುಡಿ. ಅದು ಸರಿಯಾಗದೆ ನಾನು ಕೂರುದಿಲ್ಲ."

ಬೆಳಿಗ್ಗೆ ಅಡಿಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತು ಚಹಾಕ್ಕೆ ಸಕ್ಕರೆ ಕಲಸುತ್ತ ಎಸ್ತೆರ್ ಹೀಗೆಂದಳು. ಹೇಳಿ, ಕಿಟಕಿಯಿಂದ ಹೊರಗೆ ನೋಡಿದಳು. ಗೇಟಿನೊಳಗೆ ಹಳದಿ ಕಾರು, ಮಳೆ ಬರುವುದೋ ಇಲ್ಲವೋ ಎಂದು ಅನುಮಾನದಲ್ಲಿರುವ ಕಪ್ಪೆಯ ಹಾಗೆ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ಕೂತಿತ್ತು.

ಕಾರು ಅವಳ ಗಂಡ ರುಡೊಲ್ಫನದು. ಇಪ್ಪತ್ತಾರು ವರ್ಷ ದೋಹಾದಲ್ಲಿ ಒಂದು ಕಂಪೆನಿಯ ಉಗ್ರಾಣ ನೋಡಿಕೊಂಡವನು ಅವನು. ಉಗ್ರಾಣದ ಕಿಟಕಿಯಿಂದ ದೊಡ್ಡ ರಸ್ತೆ ಕಾಣುತ್ತಿತ್ತು. ಆ ರಸ್ತೆಯಲ್ಲಿ ಎರಡೇ ಸೀಟಿನ ಇಂಥ ಕಾರುಗಳು ಹೋಗುವುದನ್ನು ನೋಡಿ ನೋಡಿ ಅವನಿಗೊಂದು ಆಸೆ ಹುಟ್ಟಿತ್ತು. ಊರಿಗೆ ಹೋದ ಮೇಲೆ ಇಂಥದ್ದೊಂದು ತೆಗೆದುಕೊಳ್ಳಬೇಕು. ಒಂದು ಸೀಟು ತನಗೆ, ಒಂದು ಎಸ್ತೆರಳಿಗೆ. ಹಿಂದೆ ಅತ್ತೆ ಇಲ್ಲ, ಚಿಕ್ಕಮ್ಮ ಇಲ್ಲ, ಮದುವೆಗೆ ಬಿಟ್ಟುಬಿಡು ಎಂದು ಹತ್ತಿ ಕೂರುವ ನೆಂಟರಿಲ್ಲ. ವರ್ಷಕ್ಕೆ ಒಂದು ತಿಂಗಳ ರಜೆಯಲ್ಲಿ ಬಂದು ಹೋಗುತ್ತಿದ್ದಾಗ ಅವರಿಬ್ಬರೇ ಎಂದೂ ಎಲ್ಲಿಗೂ ಹೋದದ್ದಿರಲಿಲ್ಲ.

ಕಳೆದ ವರ್ಷ ಕೆಲಸ ಬಿಟ್ಟು ಬಂದು ಮಂಗಳೂರಿನ ಕುಲಶೇಖರದ ಮನೆಯಲ್ಲಿ ನೆಲೆಯಾದ. ಯಾರೋ ಬಳಸಿ ಬಿಟ್ಟ ಕಾರನ್ನು ಹುಡುಕಿ ತಂದ. ಆದರೆ ಅದರ ಎಡಗಡೆಯ ಸೀಟಿನಲ್ಲಿ ಈವರೆಗೆ ಕೂತದ್ದು ಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿ ಮತ್ತು ಒಂದು ಹಲಸಿನಹಣ್ಣು ಮಾತ್ರ. ಸೀಟಿನ ಮೇಲೆ ಭಾರ ಬಿದ್ದರೆ ಬೆಲ್ಟು ಹಾಕು ಎಂದು ಕಾರು ಕೂಗುತ್ತದೆ. ಹಾಗಾಗಿ ಹಲಸಿನಹಣ್ಣಿಗೂ ಬೆಲ್ಟು ಹಾಕಿಯೇ ತರಬೇಕಾಯಿತು. ಓಣಿಯ ಜನ ಅದನ್ನು ಇನ್ನೂ ಮರೆತಿಲ್ಲ.

ಎಸ್ತೆರ್ ಮಾತ್ರ ಕೂರಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಬಿಸಿಲು, ಆಮೇಲೆ ಬ್ರೇಕು.

ಬ್ರೇಕಿನ ಮಾತು ಮೊದಲ ಸಲ ಬಂದಾಗಲೇ ರುಡೊಲ್ಫ್ ಹೊಸ ಬ್ರೇಕುಗಳನ್ನು ತರಿಸಿದ್ದ. ದೊಡ್ಡ ತಟ್ಟೆಯಂಥ ಡಿಸ್ಕುಗಳು, ಅವನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕೆಂಪು ಬಣ್ಣದ ಕ್ಯಾಲಿಪರುಗಳು. ಪೆಟ್ಟಿಗೆ ಮಂಚದ ಅಡಿಯಲ್ಲಿ ಬಿದ್ದು ತಿಂಗಳಾಗಿತ್ತು. ಹಾಕಿಸುವುದೋ ಬೇಡವೋ ಎಂದು ಅವನಿಗೆ ತೀರ್ಮಾನವಾಗಿರಲಿಲ್ಲ. ಉಗ್ರಾಣದವನಿಗೆ ತೀರ್ಮಾನದ ಅಭ್ಯಾಸವಿಲ್ಲ. ಬೇರೆಯವರು ತೀರ್ಮಾನ ಮಾಡಿ ಚೀಟಿ ಕಳಿಸುತ್ತಾರೆ, ಇವನು ಸಾಮಾನು ಎತ್ತಿಕೊಡುತ್ತಾನೆ.

ಆದರೆ ಇವತ್ತು ಅವರು ಮದುವೆಯಾದ ದಿನ. ಸಂಜೆ ಚರ್ಚಿನಲ್ಲಿ ಅವರ ಹೆಸರಿನಲ್ಲಿ ಪೂಜೆ, ಆಮೇಲೆ ಕಡಲ ಬದಿಯಲ್ಲಿ ಇಬ್ಬರಿಗೇ ಊಟ ಎಂದು ಅವನು ಹೇಳಿಟ್ಟಿದ್ದ.

"ಹಾಗಾದ್ರೆ ಬ್ರೇಕ್ ಹಾಕಿಸಿದ್ರೆ ಕೂರ್ತಿಯಾ?" ಎಂದು ಕೇಳಿದ.

"ಹಾಕಿಸಿದ ಮೇಲೆ ನೋಡುವ" ಎಂದಳು ಎಸ್ತೆರ್, ಚಹಾದ ಲೋಟದ ಒಳಗೆ ನೋಡುತ್ತ.

ರುಡೊಲ್ಫ್ ಪೆಟ್ಟಿಗೆಯನ್ನು ಎಳೆದು ತಂದು ಅಂಗಳದಲ್ಲಿಟ್ಟ. ಇಟ್ಟು, ಪಕ್ಕದ ಮನೆಯ ಸೆಡ್ರಿಕ್‌ಬಾಬನನ್ನು ಕರೆದು ಒಂದು ಮಾತು ಕೇಳಿದ. ಅಲ್ಲಿಗೆ ದಿನ ಕೆಟ್ಟಿತು.

ಸೆಡ್ರಿಕ್‌ಬಾಬ್ ವಾಡೆಯ ಗುರ್ಕಾರ. ಅಂದರೆ ಚರ್ಚಿನ ಲೆಕ್ಕದಲ್ಲಿ ಆ ಓಣಿಯ ಕ್ರಿಸ್ತುವರ ಮನೆಗಳಿಗೆಲ್ಲ ಹಿರಿಯ. ಯಾರ ಮನೆಯಲ್ಲಿ ರೋಸರಿ, ಯಾರಿಗೆ ಜ್ವರ, ಯಾರು ಪೂಜೆಗೆ ಬರಲಿಲ್ಲ, ಎಲ್ಲ ಅವನಿಗೆ ಗೊತ್ತಿರಬೇಕು. ಗೊತ್ತಾದದ್ದು ವಾಡೆಯ ವಾಟ್ಸಪ್ ಗ್ರೂಪಿಗೆ ಗೊತ್ತಾಗಬೇಕು.

"ಇದು ಎಂತ ಮಾರಾಯ, ದೋಸೆ ಕಾವಲಿ?" ಎಂದ ಸೆಡ್ರಿಕ್, ಡಿಸ್ಕನ್ನು ಎತ್ತಿ ನೋಡಿ. "ಕುಲಶೇಖರದಿಂದ ಬಿಕರ್ನಕಟ್ಟೆಗೆ ಹೋಗ್ಲಿಕ್ಕೆ ಇಷ್ಟು ದೊಡ್ಡ ಬ್ರೇಕ್ ಎಂತಕ್ಕೆ ರುಡೊಲ್ಫ್‌ಬಾಬ್? ಅಲ್ಲಿ ಟ್ರಾಫಿಕ್ಕೇ ನಿನ್ನನ್ನು ನಿಲ್ಲಿಸ್ತದೆ."

"ಹಾಕಿಸಿ ಅಣ್ಣ, ಹಾಕಿಸಿ" ಎಂದಳು ಎದುರು ಮನೆಯ ಕುಶಲಾ, ಗೋಡೆಯಾಚೆಯಿಂದ. "ನಮ್ಮ ಕಂಪೌಂಡ್ ಕಟ್ಟಿ ಇನ್ನೂ ಸರಿ ಒಣಗ್ಲಿಲ್ಲ. ನಿಮ್ಮ ಕಾರಿನ ಮೂತಿ ನೇರ ಅದಕ್ಕೇ ಉಂಟು."

ಅಷ್ಟರಲ್ಲಿ ತುಕ್ರನ ರಿಕ್ಷಾ ಗೇಟಿನ ಎದುರು ಬಂತು. ರುಡೊಲ್ಫ್ ದೋಹಾದಲ್ಲಿದ್ದ ಕಾಲದಿಂದಲೂ ಎಸ್ತೆರಳನ್ನು ಚರ್ಚಿಗೆ, ಮೀನು ಮಾರ್ಕೆಟಿಗೆ ಕರೆದುಕೊಂಡು ಹೋಗುವವನು ತುಕ್ರ. ಪ್ರಾಯದಲ್ಲಿ ಕಂಬಳದಲ್ಲಿ ಕೋಣ ಓಡಿಸಿದವನು. ಈಗ ಮೀಸೆ ಬೆಳ್ಳಗಾಗಿದೆ. ಎಸ್ತೆರ್ ಅವನಿಗೆ ಬಾಯಮ್ಮ, ರುಡೊಲ್ಫ್ ಪೊರ್ಬು.

"ಬಾಯಮ್ಮನಿಗೆ ಸಂಜೆ ಪೂಜೆಗೆ ಬರ್ಬೇಕಾ ಅಂತ ಕೇಳ್ಲಿಕ್ಕೆ ಬಂದೆ" ಎಂದ.

"ಬೇಡ ತುಕ್ರ. ಇವತ್ತು ನನ್ನ ಕಾರಲ್ಲಿ" ಎಂದ ರುಡೊಲ್ಫ್.

ತುಕ್ರ ಅಡಿಗೆಮನೆಯ ಕಿಟಕಿಯ ಕಡೆ ನೋಡಿದ. ಕಿಟಕಿಯಲ್ಲಿ ಎಸ್ತೆರಳ ಮುಖವಿತ್ತು. ಅವರಿಬ್ಬರ ನಡುವೆ ಏನೋ ದಾಟಿತು. ರುಡೊಲ್ಫ್ ಅದನ್ನು ನೋಡಲಿಲ್ಲ. ಅವನು ಕ್ಯಾಲಿಪರ್ ಒರೆಸುತ್ತಿದ್ದ.

"ನೀನೂ ಹೇಳು ಮಾರಾಯ. ಇದು ಹಾಕಿಸುದಾ, ಬೇಡವಾ?"

ತುಕ್ರ ನಕ್ಕ. "ಕೋಣಕ್ಕೆ ಬ್ರೇಕ್ ಉಂಟಾ ಪೊರ್ಬುಲೇ? ಓಡುವಷ್ಟು ಓಡ್ತದೆ. ಗದ್ದೆಯ ಕೊನೆಗೆ ಮಂಜೊಟ್ಟಿ ಅಂತ ಒಂದು ಏರು ದಿಬ್ಬ ಇರ್ತದೆ, ಅದರ ಮೇಲೆ ಹತ್ತಿದ ಕೂಡ್ಲೆ ಸೊಕ್ಕು ಇಳಿದು ನಿಲ್ತದೆ. ನನ್ನ ರಿಕ್ಷಾವೂ ಹಾಗೇ. ಈ ಇಳಿಜಾರು ಇಳಿದ ಮೇಲೆ ನಿಮ್ಮ ಶಿಲುಬೆ, ಆ ಕುರ್ಸಿನ ಹತ್ರ ಒಂದು ದಿಬ್ಬ ಉಂಟಲ್ಲ, ಅಲ್ಲಿ ಹತ್ತಿ ತಾನೇ ನಿಲ್ತದೆ. ಬ್ರೇಕಿಗೆ ಖರ್ಚೇ ಇಲ್ಲ."

ಎಲ್ಲರೂ ನಕ್ಕರು. ರುಡೊಲ್ಫನೂ ನಕ್ಕ. ತುಕ್ರ ತಮಾಷೆ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು.

"ಗ್ರೂಪಿಗೆ ಹಾಕ್ತೇನೆ, ನಾಲ್ಕು ಜನರ ಅಭಿಪ್ರಾಯ ಬರ್ಲಿ" ಎಂದು ಸೆಡ್ರಿಕ್ ಮೊಬೈಲು ತೆಗೆದ. ಗುರ್ಕಾರನ ಕೈಗೆ ಪ್ರಾರ್ಥನೆಯ ಭಾಷೆ ಅಭ್ಯಾಸವಾಗಿಬಿಟ್ಟಿತ್ತು. 'ನಮ್ಮ ರುಡೊಲ್ಫ್‌ಬಾಬರ ಕಾರಿನ ಬ್ರೇಕಿನ ವಿಷಯದಲ್ಲಿ ದೇವರು ದಾರಿ ತೋರಿಸಲಿ ಎಂದು ಬೇಡೋಣ' ಎಂದು ಬರೆದು ಕಳಿಸಿದ.

ಗ್ರೂಪಿನಲ್ಲಿ ಮೊದಲು ಕೈ ಮುಗಿದ ಚಿತ್ರಗಳು ಬಂದವು. ಆಮೇಲೆ ಮೇಣದ ಬತ್ತಿಗಳು. ಆಮೇಲೆ ಮಸ್ಕತ್ತಿನಿಂದ ಯಾರೋ ಅಳುವ ಮುಖ ಕಳಿಸಿದರು. ರುಡೊಲ್ಫ್ ಅಂಗಿ ಬದಲಾಯಿಸಿ ಬರುವುದರೊಳಗೆ ಬೋಳಾರದಿಂದ ಎಸ್ತೆರಳ ಚಿಕ್ಕಮ್ಮನ ಫೋನು ಬಂತು.

"ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ ಮಗಾ? ಮಾತಾಡ್ತಾನಾ?"

"ಇಲ್ಲೇ ಇದ್ದಾರೆ ಚಿಕ್ಕಮ್ಮ, ಸಾಕ್ಸ್ ಹುಡುಕ್ತಾ ಇದ್ದಾರೆ" ಎಂದಳು ಎಸ್ತೆರ್.

ರುಡೊಲ್ಫನಿಗೆ ಸಿಟ್ಟು ಬಂತು. "ಬ್ರೇಕ್ ಹಾಕಿಸಿಯೇ ಬರ್ತೇನೆ. ಇವರ ಬಾಯಿ ಮುಚ್ಚಬೇಕು" ಎಂದ. ಹಾಗೆ, ಕೊನೆಗೂ ತೀರ್ಮಾನವಾಯಿತು. ಅದನ್ನು ಮಾಡಿದ್ದು ಅವನಲ್ಲ, ಬೋಳಾರದ ಚಿಕ್ಕಮ್ಮ.

"ಒಬ್ಬನೇ ಹೋಗ್ಬೇಡ, ನಾನೂ ಬರ್ತೇನೆ" ಎಂದು ಸೆಡ್ರಿಕ್ ಎಡಗಡೆಯ ಸೀಟಿನೊಳಗೆ ಇಳಿದ. ಅದು ಕೂರುವುದಲ್ಲ, ಬಾವಿಗೆ ಇಳಿಯುವುದು. ಮೊದಲು ಒಂದು ಕಾಲು, ಆಮೇಲೆ ಬೆನ್ನು, ಕೊನೆಗೆ 'ಯೇ ಜೆಜು' ಎಂದು ಏಸುವನ್ನು ಕರೆಯುವ ಉದ್ಗಾರ. ಕಾರು ಗೇಟು ದಾಟಿದಾಗ ಕುಶಲಾ ಒಗೆದ ಬಟ್ಟೆಗಳನ್ನು ಕೂಡ ಒಳಗೆ ತೆಗೆದುಕೊಂಡಳು.

ಮೆಕ್ಯಾನಿಕ್ ಇವಾನನ ಗ್ಯಾರೇಜು ಕೂಳೂರಿನಲ್ಲಿ, ಹೊಳೆಯ ಈಚೆ ಬದಿಗೆ. ಹಂಪು ಬಂದಲ್ಲೆಲ್ಲ ಏಡಿಯ ಹಾಗೆ ಓರೆಯಾಗಿ ಹತ್ತಿಸಿ ಇಳಿಸಿ ಅಲ್ಲಿಗೆ ಮುಟ್ಟುವಾಗ ಬಿಸಿಲು ಏರಿತ್ತು. ಇವಾನ್ ಕಾರನ್ನು ಎತ್ತಿ, ಚಕ್ರ ಕಳಚಿ, ಟಾರ್ಚು ಹಾಕಿ ನೋಡಿದ.

"ಅಂಕಲ್, ಇದ್ದ ಬ್ರೇಕಿಗೆ ಎಂತ ಆಗಿದೆ? ನೀವು ಸಾಯುವವರೆಗೆ ಬರ್ತದೆ ಇದು."

"ಸಾಯುವ ಮಾತು ತೆಗೀಬೇಡ. ಬೆಳಿಗ್ಗೆಯಿಂದ ಅದೇ ಆಗಿದೆ. ನೀನು ಹಾಕು."

"ಹಾಕುದಕ್ಕೆ ನನಗೆಂತ. ಆದ್ರೆ ಎಂತಕ್ಕೆ ಅಂತ."

ಎಂತಕ್ಕೆ ಎಂದು ಹೇಳಲು ರುಡೊಲ್ಫನಿಗೆ ನಾಚಿಕೆಯಾಯಿತು. ಹೆಂಡತಿ ಬದಿಯಲ್ಲಿ ಕೂರಬೇಕು ಎನ್ನುವುದು ಗ್ಯಾರೇಜಿನಲ್ಲಿ ಹೇಳುವ ಕಾರಣವಲ್ಲ. "ಸೇಫ್ಟಿ" ಎಂದ.

ಮಧ್ಯಾಹ್ನ ಕಳೆದ ಮೇಲೆ ಕೆಲಸ ಮುಗಿಯಿತು. ಚಕ್ರದ ಕಡ್ಡಿಗಳ ಎಡೆಯಿಂದ ಕೆಂಪು ಕ್ಯಾಲಿಪರು, ವೀಳ್ಯ ಹಾಕಿದ ಬಾಯಿಯ ಹಾಗೆ ಕಾಣುತ್ತಿತ್ತು. ರುಡೊಲ್ಫ್ ಕುಕ್ಕರಗಾಲಿನಲ್ಲಿ ಕೂತು ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ನೋಡಿದ.

"ಹ್ಯಾಂಡ್‌ಬ್ರೇಕೂ ಬಿಗಿ ಮಾಡಿದ್ದೇನೆ ಅಂಕಲ್. ಇನ್ನು ಆನೆ ದೂಡಿದ್ರೂ ಅಲ್ಲಾಡುದಿಲ್ಲ. ಮತ್ತೊಂದು, ಹೊಸ ಪ್ಯಾಡ್ ಸರಿ ಕೂರ್ಬೇಕಾದ್ರೆ ನಾಲ್ಕೈದು ಸಲ ಜೋರಾಗಿ ಹೋಗಿ ಜೋರಾಗಿ ಬ್ರೇಕ್ ಹಾಕ್ಬೇಕು. ಮರೀಬೇಡಿ."

ದಾರಿಯಲ್ಲಿ ಬೇಕರಿಯಿಂದ ಕೇಕು ತೆಗೆದುಕೊಂಡರು. ಮೇಲೆ ಬಿಳಿ ಕ್ರೀಮು, ಅದರಲ್ಲಿ ಕೆಂಪಕ್ಷರದಲ್ಲಿ ಎಸ್ತೆರ್ ಮತ್ತು ರುಡಿ. ಸೆಡ್ರಿಕ್ ಅದನ್ನು ತೊಡೆಯ ಮೇಲಿಟ್ಟುಕೊಂಡ. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು, ಅವನು ಅಕ್ಷರಗಳನ್ನು ಓದುತ್ತಿದ್ದ.

ಜೋರಾಗಿ ಬ್ರೇಕು ಹಾಕಬೇಕಾದರೆ ಮೊದಲು ಜೋರಾಗಿ ಹೋಗಬೇಕು. ಖಾಲಿ ರಸ್ತೆ ಹುಡುಕಿ ಹೊಳೆಯಾಚೆ ಹೊರಟರೆ, ಕೂಳೂರಿನ ಸಂಕದ ಮೇಲೆ ಅದೆಲ್ಲಿ ಸಾಧ್ಯ? ಮುಂದೆ ಟ್ಯಾಂಕರು, ಹಿಂದೆ ಬಸ್ಸು. ಹೊಳೆಯಲ್ಲಿ ದೋಣಿಯವನೊಬ್ಬ ಇವರಿಗಿಂತ ಬೇಗ ಹೋಗುತ್ತಿದ್ದ. ಸಂಕ ದಾಟಿ, ತಿರುಗಿ, ಮತ್ತೆ ಸಂಕ ದಾಟಿ, ಒಂದು ಕಡೆ ರಸ್ತೆ ಖಾಲಿ ಕಂಡಾಗ ರುಡೊಲ್ಫ್ ಕಾರನ್ನು ಜೋರಾಗಿ ಬಿಟ್ಟ. ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿದ. ಬದಿಯಲ್ಲಿ ಯಾರಿದ್ದಾರೆಂದು ನೋಡಲಿಲ್ಲ. ಬ್ರೇಕು ಹಾಕಿದ.

ಕಾರು ನಿಂತಿತು. ಕೇಕು ನಿಲ್ಲಲಿಲ್ಲ. ಅದು ಮುಂದಿನ ಗಾಜಿಗೆ ಹೋಗಿ ಬಡಿದು ನಿಧಾನವಾಗಿ ಕೆಳಗೆ ಜಾರಿತು. ಸೆಡ್ರಿಕ್‌ಬಾಬನನ್ನು ಬೆಲ್ಟು ಹಿಡಿದುಕೊಂಡಿತು, ಅವನ ಹಲ್ಲಿನ ಸೆಟ್ಟನ್ನು ಹಿಡಿಯುವ ಬೆಲ್ಟಿರಲಿಲ್ಲ. ಕೇಕಿನ ಎಸ್ತೆರ್ ಮತ್ತು ರುಡಿಯ ನಡುವೆ ಅದು ನಗುತ್ತ ಕೂತಿತು.

"ಬ್ರೇಕ್ ಹಿಡೀತದೆ ಅಲ್ವಾ?" ಎಂದ ರುಡೊಲ್ಫ್, ಉಸಿರು ಬಂದ ಮೇಲೆ.

ಉತ್ತರ ಕೊಡಲು ಗುರ್ಕಾರನಿಗೆ ಹಲ್ಲಿರಲಿಲ್ಲ. ಮನೆಯ ದಾರಿಯುದ್ದಕ್ಕೂ ಕರವಸ್ತ್ರದಲ್ಲಿ ಕ್ರೀಮು ಒರೆಸುತ್ತ ಕೂತಿದ್ದ.

ಓಣಿಯ ಬಾಯಿಗೆ ಬಂದಾಗ ರಸ್ತೆಗೆ ಅಡ್ಡವಾಗಿ ಒಂದು ಬೆಂಚು ಕಂಡಿತು. ಬೆಂಚಿನ ಹಿಂದೆ ಕುಶಲಾ, ಅವಳ ಹಿಂದೆ ಏಳೆಂಟು ಹೆಂಗಸರು.

"ಎಂತ ಇದು ಕುಶಲಕ್ಕ?"

"ಬೇಸರ ಮಾಡ್ಬೇಡಿ ಅಣ್ಣ. ಬ್ರೇಕ್ ಇಲ್ಲದ ಕಾರು ಮೇಲೆ ಹತ್ತಿಸಿದ್ರೆ ಹಿಂದೆ ಜಾರಿ ಬರ್ತದೆ. ನಮ್ಮದು ಹೊಸ ಕಂಪೌಂಡ್."

"ಬ್ರೇಕ್ ಹಾಕಿಸಿಯೇ ಬಂದದ್ದಲ್ಲವಾ ನಾನು!"

"ಅಂದ್ರೆ, ಬ್ರೇಕ್ ಇಲ್ಲದೆ ಕೂಳೂರಿಗೆ ಹೋದ್ರಾ?" ಕುಶಲಾ ಎದೆಗೆ ಕೈ ಇಟ್ಟುಕೊಂಡಳು.

ರುಡೊಲ್ಫ್ ಕೇಕಿನ ಪೆಟ್ಟಿಗೆ ತೆರೆದು ತೋರಿಸಿದ. "ನೋಡಿ. ಬ್ರೇಕ್ ಅಷ್ಟು ಚೆಂದ ಉಂಟು ಅಂತಲೇ ಇದು ಹೀಗಾದದ್ದು."

ಕುಶಲಾ ಕೇಕು ನೋಡಿದಳು, ಗಾಜಿನ ಮೇಲಿನ ಕ್ರೀಮು ನೋಡಿದಳು, ಸೆಡ್ರಿಕ್‌ಬಾಬನ ಒಳಸೇರಿದ ಬಾಯಿ ನೋಡಿದಳು. "ಅಯ್ಯೋ ದೇವರೇ, ಗುದ್ದಿಯೂ ಆಯ್ತಾ?"

ಸೆಡ್ರಿಕ್ ಆಚೆ ತಿರುಗಿ ಹಲ್ಲು ಹಾಕಿಕೊಂಡ. "ರುಡೊಲ್ಫ್‌ಬಾಬ್, ಬ್ರೇಕ್ ಉಂಟು ಅಂತ ನನಗೆ ಗೊತ್ತುಂಟು, ನನ್ನ ಒಸಡಿಗೂ ಗೊತ್ತುಂಟು. ಆದ್ರೆ ಗ್ರೂಪಿಗೆ ಈಗ ಹೇಗೆ ಹೇಳುದು? ಕೆಲವರು ಒಂಬತ್ತು ದಿನದ ನವೇನ ಸುರು ಮಾಡಿಯಾಗಿದೆ. ಇವತ್ತೊಂದು ದಿನ ಕಾರನ್ನು ಇಲ್ಲೇ ಕೆಳಗೆ ಇಡು. ಕುರ್ಸಿನ ಹತ್ರ ಜಾಗ ಉಂಟಲ್ಲ."

ಓಣಿಯ ಬಾಯಲ್ಲಿ, ರಸ್ತೆಯ ಬದಿಯ ಕುರ್ಸಿನ ಎದುರು, ಒಂದು ಸಣ್ಣ ದಿಬ್ಬ. ಅಲ್ಲಿ ಯಾವಾಗಲೂ ಜಾಗ ಖಾಲಿ ಇರುತ್ತಿತ್ತು. ಯಾಕೆ ಖಾಲಿ ಇರುತ್ತದೆ ಎಂದು ದೋಹಾದಿಂದ ಬಂದವನಿಗೆ ಹೇಗೆ ತಿಳಿಯಬೇಕು? ರುಡೊಲ್ಫ್ ಕಾರನ್ನು ದಿಬ್ಬ ಹತ್ತಿಸಿ, ಹ್ಯಾಂಡ್‌ಬ್ರೇಕು ಎಳೆದು, ಕೇಕಿನ ಪೆಟ್ಟಿಗೆ ಹಿಡಿದುಕೊಂಡು ಇಳಿಜಾರನ್ನು ನಡೆದೇ ಹತ್ತಿದ.

ಎಸ್ತೆರ್ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು. ಅದೇ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು.

"ಬಾ" ಎಂದ ರುಡೊಲ್ಫ್. "ಬ್ರೇಕ್ ಹಾಕಿಸಿ ಆಯ್ತು. ಮಂಗಳೂರಲ್ಲೇ ಅಂಥ ಬ್ರೇಕ್ ಇಲ್ಲ. ಕಾರು ಕೆಳಗೆ ಉಂಟು."

ಎಸ್ತೆರ್ ಏಳಲಿಲ್ಲ. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಬದಲಿಗೆ, ಸಿಕ್ಕಿಬಿದ್ದವರ ಮುಖವಾಯಿತು.

"ಇವತ್ತೇ ಹಾಕಿಸಿದ್ಯಾ?"

"ಬೆಳಿಗ್ಗೆ ನೀನೇ ಹೇಳಿದ್ದಲ್ಲ!"

"ನೀನು ಒಂದು ವರ್ಷ ಯೋಚನೆ ಮಾಡ್ತಿ ಅಂತ ನಾನು ಲೆಕ್ಕ ಹಾಕಿದ್ದು" ಎಂದಳು ಎಸ್ತೆರ್. "ನೀನು ಅಂಗಡಿಗೆ ಅಂಗಿ ತೆಗೀಲಿಕ್ಕೆ ಹೋದ್ರೆ ಅರ್ಧ ದಿನ ನಿಲ್ತಿ. ಬ್ರೇಕಿಗೆ ಒಂದು ವರ್ಷ ಸಾಕಾಗ್ಲಿಕ್ಕಿಲ್ಲ ಅಂತ ಮಾಡಿದ್ದೆ."

"ಅಂದ್ರೆ ಎಂತ ನಿನ್ನ ಮಾತು?"

"ಬ್ರೇಕ್ ಅಲ್ಲ ರುಡಿ. ನನ್ನ ಕಾಲಿನ ಗಂಟು. ಅಷ್ಟು ಕೆಳಗೆ ನನಗೆ ಕೂರ್ಲಿಕ್ಕೆ ಆಗುದಿಲ್ಲ. ಕೂತ್ರೆ ಏಳಿಸ್ಲಿಕ್ಕೆ ನಾಲ್ಕು ಜನ ಬೇಕು."

ರುಡೊಲ್ಫ್ ಕೇಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಯಾವಾಗಿಂದ?"

"ನೀನು ದೋಹಾದಲ್ಲಿರುವಾಗಿಂದ. ಫೋನಲ್ಲಿ ಹೇಳಿದ್ದೆ."

"ಹೇಳಿದ್ದು ನೆನಪಿಲ್ಲ."

"ಮುಲಾಮು ಕಳಿಸಿದ್ದಿ. ಒಂದು ರಟ್ಟಿನ ಪೆಟ್ಟಿಗೆ ತುಂಬ." ಎಸ್ತೆರ್ ಸೆರಗನ್ನು ಸರಿ ಮಾಡಿಕೊಂಡಳು. "ಇನ್ನೂ ಉಂಟು ಅದು, ಕಪಾಟಿನಲ್ಲಿ."

"ಈಗ ಹೇಳ್ಬಹುದಿತ್ತಲ್ಲ, ಕಾರು ತರುವ ಮೊದಲು?"

"ತರುವ ಮೊದಲು ನೀನು ಕೇಳಿದ್ಯಾ? ಕಾರು ತಂದು, ಬಾಗಿಲು ತೆರೆದು, ಬಾ ಕೂತ್ಕೋ ಅಂದಿ. ನಿನ್ನ ಮುಖ ನೋಡಿ ನನಗೆ ಬಾಯಿ ಬರ್ಲಿಲ್ಲ. ಕಾರಿಗೇ ಒಂದು ದೋಷ ಹೇಳುದು ಸುಲಭ ಅಂತ ಕಂಡಿತು."

ರುಡೊಲ್ಫ್ ಅವಳು ಕೂತ ಸ್ಟೂಲನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಮನೆಯ ಸೋಫಾದಲ್ಲಿ ಅವಳು ಕೂತದ್ದನ್ನು ಅವನು ಕಂಡಿರಲಿಲ್ಲ. ಕಂಡಿರಲಿಲ್ಲ ಎಂಬುದೂ ಈಗಲೇ ಅವನಿಗೆ ಹೊಳೆದದ್ದು. ಸಾವಿರಾರು ಸಾಮಾನುಗಳಲ್ಲಿ ಯಾವ ತಿರುಪು ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ಅವನು.

ಹೊರಗೆ ರಿಕ್ಷಾದ ಹಾರ್ನು ಕೇಳಿತು.

"ನಾನೇ ಬರ್ಲಿಕ್ಕೆ ಹೇಳಿದ್ದು" ಎಂದಳು ಎಸ್ತೆರ್. ಓಣಿಯ ಮೇಲಿನ ತುದಿಯ ತನ್ನ ಮನೆಯಿಂದ ಇಳಿದು ಬಂದ ತುಕ್ರ ರಿಕ್ಷಾವನ್ನು ಹೇಳದೆ ಕೇಳದೆ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದ. ಅವಳು ಮೇಲಿನ ಮೆಟ್ಟಿಲಿನಿಂದ ಸೀಟಿಗೆ, ಕಾಲು ಮಡಚದೆ, ಪಕ್ಕಕ್ಕೆ ಸರಿಯುವ ಹಾಗೆ ಹೋಗಿ ಕೂತಳು. ಅದೆಲ್ಲ ಎಷ್ಟೋ ವರ್ಷದ ಅಭ್ಯಾಸವೆಂದು ನೋಡಿದವರಿಗೆ ತಿಳಿಯುತ್ತಿತ್ತು.

"ತುಕ್ರನಿಗೆ ಗೊತ್ತಿತ್ತಾ?" ಎಂದ ರುಡೊಲ್ಫ್.

"ಅವನು ನೋಡ್ತಾನಲ್ಲ" ಎಂದಳು.

ಆ ಕ್ಷಣ ರುಡೊಲ್ಫ್ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದ. ಬದುಕಿನಲ್ಲಿ ಅವನು ಸ್ವಂತ ಬುದ್ಧಿಯಿಂದ ಮಾಡಿದ ತೀರ್ಮಾನಗಳಲ್ಲಿ ಅದು ಮೊದಲನೆಯದಿರಬೇಕು. "ಸರಿದು ಕೂತ್ಕೋ, ನಾನೂ ಇದರಲ್ಲೇ ಬರ್ತೇನೆ" ಎಂದು ರಿಕ್ಷಾ ಹತ್ತಿದ.

ಎಸ್ತೆರ್ ಸರಿದಳು. ಸರಿಯುವಾಗ ಸೀರೆಯ ನೆರಿಗೆಯನ್ನು ಅವನ ಕಾಲಡಿಗೆ ಸಿಕ್ಕದ ಹಾಗೆ ಎತ್ತಿಕೊಂಡಳು. ಅಷ್ಟೇ ಸಾಕೆನಿಸಿತು ಅವನಿಗೆ. ಕಾರು ಇಲ್ಲದಿದ್ದರೇನು? ಇಬ್ಬರೇ ಹೋಗುತ್ತಿರುವುದು ಹೌದಲ್ಲ, ತುಕ್ರನ ಬೆನ್ನೊಂದನ್ನು ಬಿಟ್ಟರೆ.

ತುಕ್ರ ಇಂಜಿನು ಬಂದ್ ಮಾಡಿದ. ಇಳಿಜಾರಿನಲ್ಲಿ ಅವನು ಪೆಟ್ರೋಲು ಸುಡುವವನಲ್ಲ. ರಿಕ್ಷಾ ಸದ್ದಿಲ್ಲದೆ ಉರುಳತೊಡಗಿತು. ಕೆಳಗೆ ಬೆಂಚು ಹಿಡಿದವರು ದೂರದಿಂದಲೇ ತುಕ್ರನನ್ನು ಕಂಡು ನಂಬಿಕೆಯಿಂದ ಅದನ್ನು ಬದಿಗೆ ಸರಿಸಿದರು. ಕುಶಲಾ ಕೈ ಬೀಸಿದಳು. ಗಾಳಿ ತಂಪಾಗಿತ್ತು. ಅರ್ಧ ಇಳಿಜಾರಿನವರೆಗೆ ರುಡೊಲ್ಫ್ ನಿಜವಾಗಿ ಸುಖವಾಗಿದ್ದ.

"ಪೊರ್ಬುಲೇ" ಎಂದ ತುಕ್ರ, ತಿರುಗದೆ. ಸ್ವರ ಬೇರೆಯಾಗಿತ್ತು. "ಕುರ್ಸಿನ ಹತ್ರ ಆ ಕಾರು ಯಾರು ಇಟ್ಟದ್ದು?"

"ನಾನೇ. ಎಂತಕ್ಕೆ?"

"ಅಯ್ಯಯ್ಯೋ, ಅದು ನನ್ನ ಮಂಜೊಟ್ಟಿ!"

"ಬ್ರೇಕ್ ಹಾಕು ಮಾರಾಯ!"

"ಯಾವ ಬ್ರೇಕ್?"

ಬೆಳಿಗ್ಗೆ ಎಲ್ಲರೂ ನಕ್ಕ ಮಾತು ತಮಾಷೆಯಲ್ಲವೆಂದು ರುಡೊಲ್ಫನಿಗೆ ಅರ್ಥವಾಗುವುದಕ್ಕೂ ರಿಕ್ಷಾ ಹಳದಿ ಕಾರಿನ ಹಿಂಭಾಗಕ್ಕೆ ಗುದ್ದುವುದಕ್ಕೂ ಸರಿಹೋಯಿತು.

ಯಾರಿಗೂ ಪೆಟ್ಟಾಗಲಿಲ್ಲ. ರಿಕ್ಷಾದ ಮುಂದಿನ ಚಕ್ರ ಒಂದು ಕಡೆ, ಮುಖ ಒಂದು ಕಡೆ ನೋಡುತ್ತಿತ್ತು. ಕಾರಿನ ಹಿಂಭಾಗ, ತುಳಿದ ತಗಡಿನ ಡಬ್ಬಿಯ ಹಾಗೆ ಒಳಗೆ ಹೋಗಿತ್ತು. ಮೇಲಿನಿಂದ ಓಡಿ ಬಂದ ಸೆಡ್ರಿಕ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಚಕ್ರಗಳ ಬುಡ ನೋಡಿದ.

"ಒಂದು ಇಂಚು ಅಲ್ಲಾಡ್ಲಿಲ್ಲ ಮಾರಾಯ! ಎಂಥ ಬ್ರೇಕ್! ಹಳೇದಾಗಿದ್ರೆ ಸ್ವಲ್ಪ ಮುಂದೆ ಹೋಗಿ, ಬಂಪರಿಗೆ ಗೀರು ಬಿದ್ದು ಮುಗೀತಿತ್ತು."

ಎಸ್ತೆರ್ ರಿಕ್ಷಾದ ಸರಳು ಹಿಡಿದು ಇಳಿದು ನಿಂತಿದ್ದಳು. "ರುಡಿ, ನನಗೆ ಒಮ್ಮೆ ಕೂರ್ಬೇಕು" ಎಂದಳು. ಅಲ್ಲಿ ಕೂರಲು ಬೇರೇನೂ ಇರಲಿಲ್ಲ. ರುಡೊಲ್ಫ್ ಕಾರಿನ ಎಡಗಡೆಯ ಬಾಗಿಲು ತೆರೆದ. ಎಸ್ತೆರ್ ಆ ಸೀಟನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಬೆನ್ನು ತಿರುಗಿಸಿ, ತನ್ನನ್ನು ಅದರೊಳಗೆ ಬಿಟ್ಟುಬಿಟ್ಟಳು.

"ಇನ್ನು ಎಬ್ಬಿಸ್ಲಿಕ್ಕೆ ಜನ ಕರೀಬೇಕು" ಎಂದಳು.

ಚರ್ಚಿನ ಗಂಟೆ ಬಾರಿಸಿತು. ಸೆಡ್ರಿಕ್ ಗಡಿಯಾರ ನೋಡಿಕೊಂಡ. "ಪೂಜೆ ಮುಗಿದ ಕೂಡ್ಲೆ ನಾಲ್ಕು ಜನರನ್ನು ಕರ್ಕೊಂಡು ಬರ್ತೇನೆ. ನಿಮ್ಮ ಹೆಸರಿನ ಪೂಜೆ ಅಲ್ವಾ, ಒಬ್ಬರಾದ್ರೂ ಇರ್ಬೇಕು" ಎಂದು ಹೋದ. ತುಕ್ರ ಮೆಕ್ಯಾನಿಕನನ್ನು ಹುಡುಕುತ್ತ ಹೋದ. ಓಣಿಯ ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಕಾರಿನ ಬದಿಯಿಂದಲೇ ಇಳಿದು ಹೋದರು. "ಬೆಳಿಗ್ಗೆಯೇ ನಾನು ಹೇಳಿದ್ದೆ" ಎಂದು ಕುಶಲಾ ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸುತ್ತಿತ್ತು. "ಬ್ರೇಕ್ ಇರ್ಲಿಲ್ಲ ಅದಕ್ಕೆ."

ರುಡೊಲ್ಫ್ ಬಂದು ಸ್ಟಿಯರಿಂಗಿನ ಎದುರು ಕೂತ. ಒಳಗೆ ಸೆಕೆಯಿತ್ತು, ಕ್ರೀಮಿನ ವಾಸನೆಯಿತ್ತು. ಗಾಜು ಇಳಿಸಲೆಂದು ಕೀಲಿ ತಿರುಗಿಸಿದ. ಎಡಗಡೆ ಯಾರೋ ಕೂತದ್ದು ಕಾರಿಗೆ ತಿಳಿಯಿತು. ಕೀಂ ಕೀಂ ಎಂದು ಕೂಗತೊಡಗಿತು. ಅವನು ಕೈ ಚಾಚಿ, ಹಲಸಿನಹಣ್ಣಿಗೆ ಹಾಕಿದ ಹಾಗೆಯೇ, ಎಸ್ತೆರಳಿಗೆ ಬೆಲ್ಟು ಹಾಕಿದ. ಕೂಗು ನಿಂತಿತು.

"ಎಲ್ಲಿಗೆ ಹೋಗ್ಲಿಕ್ಕೆ?" ಎಂದಳು ಎಸ್ತೆರ್.

ಅವನ ಕಾಲು ತಾನಾಗಿ ಹೋಗಿ ಬ್ರೇಕಿನ ಮೇಲೆ ಕೂತಿತ್ತು.